ತೂಬು ಕಾಯುವವನ ಗಂಜಿ

ಬನಾವಿಯ ಕಾಲುವೆಯಲ್ಲಿ ಎಂಟು ಮೆಟ್ಟಿಲು ನೀರು.
ಮೂವತ್ತೊಂದು ವರ್ಷ ಅದರ ಕದ ತೆಗೆದೆ, ಕದ ಹಾಕಿದೆ.
ಈಗ ಬೆರಳ ತುದಿಗೆ ಸೂಜಿ ಚುಚ್ಚಿ
ಒಂದು ಹನಿಯ ಮಟ್ಟ ನೋಡುವುದೇ ಕೆಲಸ.

ಮಟ್ಟ ನೋಡುವುದು ನನಗೆ ಹೊಸತೇನಲ್ಲ.
ಕಲ್ಲಿನ ಪಾಚಿಯ ಮೇಲೆ ಒದ್ದೆ ಗೆರೆ ಎಲ್ಲಿಗಿದೆಯೆಂದು
ಕತ್ತಲಲ್ಲೂ ಹೇಳುತ್ತಿದ್ದೆ, ಬರಿಯ ವಾಸನೆಯಿಂದ.
ಈ ಹನಿಗೆ ಗೆರೆಯಿಲ್ಲ. ಅಂಕಿ ಮಾತ್ರ:
ಬಿಳಿ ಬ್ರೆಡ್ಡು, ಮಾರ್ಮಲೇಡು, ಒಂದು ಗಂಟೆ ಕಳೆದು
ಹದಿನಾಲ್ಕು ಚಿಲ್ಲರೆ.

'ಓಟ್ಸ್ ತಿನ್ನಿ, ಕ್ಯಾಟನಾಕ್,' ಎಂದಳು ನರ್ಸ್ ಈಲಿದ್.
ನನಗೆ, ಈ ನೆಲದಲ್ಲಿ!
ಮೀನಿಗೆ ಕೊಳ ತೋರಿಸಿದ ಹಾಗೆ.
ನನ್ನಜ್ಜಿ ಗಂಜಿ ಕಾಸಿ ಮೇಜಿನ ಖಾನೆಗೇ ಸುರಿಯುತ್ತಿದ್ದಳು,
ಆರಿದ ಮೇಲೆ ಚಾಕುವಿನಲ್ಲಿ ಕೊಯ್ದು
ಒಂದು ತುಂಡು ಅಜ್ಜನ ಜೇಬಿಗೆ, ಗುಡ್ಡಕ್ಕೆ.
ಹದಿನಾರಕ್ಕೆ ಮನೆ ಬಿಟ್ಟಾಗ
ನಾನು ಬಿಟ್ಟದ್ದು ಮುಖ್ಯವಾಗಿ ಆ ತುಂಡನ್ನು.

ಮೂರಿಯಲ್ ತಂಗಿಯ ಮನೆಗೆ ಹೋಗಿದ್ದ ಭಾನುವಾರ
ಕತ್ತರಿಸಿದ ಕಾಳು, ನೀರು, ಚಿಟಿಕೆ ಉಪ್ಪು.
ಅರ್ಧ ಗಂಟೆ ಕೋಲು ತಿರುವಿದೆ.
ಎಷ್ಟೋ ಹೊತ್ತು ನೀರು ನೀರೇ, ಕಾಳು ಕಾಳೇ,
ಬೇರೆ ಬೇರೆ ದಾರಿಯವರು.
ಆಮೇಲೆ, ಯಾವಾಗ ಎಂದು ಹೇಳಲಾರೆ,
ಕೋಲಿಗೆ ಒಂದು ಭಾರ ಬಂತು.
ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು ಲೋಳೆ.

ಆ ಲೋಳೆಯೇ ಬೇಕಾದ್ದು, ಎಂದಿದ್ದಳು ಈಲಿದ್.
ಅದೊಂದು ನಾರು. ಬೀಟಾ ಗ್ಲೂಕನ್.
ಯಾವುದೋ ನಾರ್ವೆಯ ದೋಣಿಯ ಹೆಸರಿನಂತಿದೆ.
ನೀರಲ್ಲಿ ಕರಗುತ್ತದೆ,
ಆದರೆ ಅರಗುವುದಿಲ್ಲ.
ಕರುಳಲ್ಲಿ ಮಂದವಾಗಿ ಹರಡಿ ಕೂತು
ಸಕ್ಕರೆಗೆ ಹೇಳುತ್ತದೆ: ಸರದಿಯಲ್ಲಿ ಬಾ.

ಅಷ್ಟು ಸಾಕಾಯಿತು ನನಗೆ. ಉಳಿದದ್ದು ನನ್ನ ವಿದ್ಯೆ.
ಎಂಬತ್ತೇಳರ ಬೇಸಿಗೆಯಲ್ಲಿ ಹೊಸ ಹುಡುಗನೊಬ್ಬ
ಎರಡೂ ತೂಬು ಒಮ್ಮೆಗೇ ತೆಗೆದ;
ಹಗ್ಗ ಹರಿದು, ದೋಣಿ ಗೋಡೆಗೆ ಬಡಿದು
ಗ್ಲಾಸ್ಗೋದ ಮುದುಕಿಯೊಬ್ಬಳ ಚಹಾ ಬಟ್ಟಲುಗಳೆಲ್ಲ ಚೂರು.
ಅದೇ ನೀರು. ಅಷ್ಟೇ ನೀರು.
ನಾವು ನೀರನ್ನು ತಡೆದವರಲ್ಲ, ಎಂದೆ ಹುಡುಗನಿಗೆ.
ಕೊನೆಗೆ ಎಲ್ಲವೂ ಕಡಲಿಗೇ.
ನಮ್ಮ ಸಂಬಳ ನಿಧಾನಕ್ಕೆ.

ಗಂಜಿ ತಿಂದು ಒಂದು ಗಂಟೆಗೆ: ಒಂಬತ್ತೂವರೆ.
ಎರಡು ಗಂಟೆಗೆ: ಎಂಟು.
ಪವಾಡವಲ್ಲ. ಹಗ್ಗ ಹರಿಯಲಿಲ್ಲ, ಅಷ್ಟೆ.

ಮೊಮ್ಮಗ ತಂದ ಪೊಟ್ಟಣದ್ದೂ ಓಟ್ಸೇ.
ಎರಡು ನಿಮಿಷ, ಜೇನಿನ ಪರಿಮಳ, ನುಣ್ಣನೆ ಪುಡಿ.
ಹನ್ನೆರಡು ದಾಟಿತು.
ಗಿರಣಿಯಲ್ಲೇ ಕದ ಮುರಿದು ಬಂದ ಕಾಳು,
ಮೇಲೆ ಸಕ್ಕರೆಯ ಸವಾರಿ ಬೇರೆ.

ಮತ್ತೆ, ಮೂರಿಯಲ್ಲಳ ಎದೆಯ ಚಿತ್ರ ತೆಗೆಸಿದ ಬೆಳಿಗ್ಗೆ
ಅದೇ ಕಾಳು, ಅದೇ ಲೋಟದಳತೆ, ಅದೇ ಕೋಲು;
ಹದಿಮೂರು.
ಈಲಿದ್ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು,
ಏನೂ ಬರೆಯಲಿಲ್ಲ.
ನನ್ನ ಕಾಲುವೆಗೆ ಬೆಟ್ಟದ ಹಳ್ಳಗಳೂ ಬಂದು ಸೇರುತ್ತವೆ,
ಅವಕ್ಕೆ ತೂಬಿಲ್ಲ.

ಚಿತ್ರದಲ್ಲಿ ಏನೂ ಇರಲಿಲ್ಲ, ಪುಣ್ಯ.
ಆ ರಾತ್ರಿ ಪಾತ್ರೆ ತುಂಬ ಕಾಸಿದೆ, ಕೈ ಸುಮ್ಮನಿರದೆ.
ಮಿಕ್ಕಿದ್ದನ್ನು, ಅಜ್ಜಿ ಮಾಡಿದಂತೆ,
ಮೇಜಿನ ಖಾನೆಗೆ ಸುರಿದು ಮುಚ್ಚಿದೆ.

ಬೆಳಿಗ್ಗೆ ಅವಳು ಖಾನೆ ಎಳೆದಳು.
ತುಂಬ ಹೊತ್ತು ನೋಡಿದಳು.
ಚಾಕು ತಂದು ಅಚ್ಚುಕಟ್ಟಾಗಿ ಕೊಯ್ದಳು,
ನನಗೊಂದು ತುಂಡು, ತನಗೊಂದು.
ಹೊರಗೆ ಬಾಡಿಗೆ ದೋಣಿಯೊಂದು
ಮೂರನೆಯ ಮೆಟ್ಟಿಲಲ್ಲಿ ನೀರು ಇಳಿಯಲೆಂದು ಕಾಯುತ್ತಿತ್ತು.
ಅಗಿಯುತ್ತಲೇ ಕೇಳಿದಳು:
'ಇದರಲ್ಲಿದ್ದ ಇಸ್ತ್ರಿಯ ಕರವಸ್ತ್ರಗಳು
ಗಂಜಿಯ ಮೇಲಿವೆಯೋ,
ಕೆಳಗಿವೆಯೋ?'